ಕಲ್ಲುದೀಪದವರೆಗೆ

ಆ ಶುಕ್ರವಾರ ಜುಲ್ಫಿಕರ್ ಮಸೀದಿಯಿಂದ ಬಂದಾಗ ಎರಡು ಗಂಟೆ ದಾಟಿತ್ತು. ತುಮಕೂರಿನ ಬಟವಾಡಿಯಲ್ಲಿ ಅವನದೊಂದು ವಿಡಿಯೋ ಗೇಮ್ ಅಂಗಡಿ. ಅಂಗಡಿ ಕೆಳಗೆ, ಬಾಡಿಗೆ ಮನೆ ಮೇಲೆ. ಶುಕ್ರವಾರ ಮಧ್ಯಾಹ್ನ ಶಟರು ಎಳೆದುಬಿಡುತ್ತಿದ್ದ. ಹೆಂಡತಿ ಶಾಹೀನ್ ಅನ್ನ, ದಾಲ್ಚಾ ಮಾಡಿದ್ದಳು. ಉಣ್ಣುತ್ತಾ ಸೋರೆಕಾಯಿ ಬೆಂದಿಲ್ಲ ಅಂದ. ಬೆಂದಿದೆ ಅಂದಳು. ಮಾತು ಅಲ್ಲಿಗೆ ನಿಂತಿತು. ಇನ್ನೊಂದು ಸಲ ಹಾಕಿಸಿಕೊಂಡು ಉಂಡ.

ಆಮೇಲೆ ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂತ. ಅಂಗಡಿಯ ಹಳೆಯ ಪ್ಲೇಸ್ಟೇಷನ್ ಡಬ್ಬಿಯೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದ. ಅದರಲ್ಲೊಂದು ಜಪಾನಿನ ಆಟ. ಆಟ ಅನ್ನುವುದಕ್ಕಿಂತ ಕತೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮಾತು ಬರುತ್ತಿತ್ತು. ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ತಿಳಿಯದ ಪದಕ್ಕೆ ಡಿಕ್ಷನರಿ ತೆಗೆಯುತ್ತಿದ್ದ. ಆಮೇಲೆ ಶಾಹೀನಳಿಗೆ ಹೇಳುತ್ತಿದ್ದ. ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಾ ಕೇಳುತ್ತಿದ್ದಳು.

ಆವತ್ತು ಕತೆಯಲ್ಲಿ ನರಿ ಮುಖವಾಡದ ಕಳ್ಳಿ ಮೊದಲ ಸಲ ಮುಖವಾಡ ತೆಗೆದಳು. ಐವತ್ತು ಗಂಟೆ ಆಡಿದ ಮೇಲೆ ಕಂಡ ಮುಖ. ಜುಲ್ಫಿಕರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ.

"ನಿನ್ನಂಗೇ ಅವ್ಳೆ ಕಣೇ. ಮೂಗೊಂದು ಸಣ್ಣದು."

ಶಾಹೀನ್ ಮೊರದಿಂದ ಒಂದು ಕಲ್ಲು ತೆಗೆದು ಅವನ ಬೆನ್ನಿಗೆ ಎಸೆದಳು.

ಅವನ ತಾಯಿ ಕುಲ್ಸುಂ ಬೀ ಗುಬ್ಬಿಯಲ್ಲಿ ಒಬ್ಬಳೇ ಇದ್ದಳು. ಶುಕ್ರವಾರ ಶುಕ್ರವಾರ ಮೊಪೆಡ್ಡಿನಲ್ಲಿ ಹೋಗಿ ಬಿ.ಪಿ. ಮಾತ್ರೆ ಕೊಟ್ಟು ಬರುವುದು ಅವನ ರೂಢಿ. ನಾಲ್ಕು ಗಂಟೆಯಾಯಿತು. ಆಟವನ್ನು ಎಲ್ಲೆಂದರಲ್ಲಿ ಉಳಿಸಿಡುವ ಹಾಗಿರಲಿಲ್ಲ. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲುದೀಪ ಸಿಗುತ್ತಿತ್ತು. ಅದನ್ನು ಹಚ್ಚಿದರೆ ಮಾತ್ರ ಅಲ್ಲಿಯವರೆಗಿನ ಆಟ ಉಳಿಯುತ್ತಿತ್ತು. ಅವನು ಹಿಂದಿನ ದೀಪ ಹಚ್ಚಿದ್ದು ಬುಧವಾರ. ಮುಂದಿನದು ಇನ್ನೂ ಸಿಕ್ಕಿರಲಿಲ್ಲ. ಟಿವಿ ಆರಿಸಿದ. ಡಬ್ಬಿಯನ್ನು ಹಾಗೇ ಬಿಟ್ಟ.

"ಡಬ್ಬಿ ಆಫ್ ಮಾಡ್ಬೇಡ. ಸೇವ್ ಆಗಿಲ್ಲ. ತೊರೆ ದಾಟಿ ಬಿದಿರುಮೆಳೆ ಹಿಂದೆ ದೀಪ ಐತಂತೆ, ಬಂದು ಹಚ್ತೀನಿ."

"ಎಷ್ಟೊತ್ತಿಗೆ ಬರ್ತೀರ?"

"ಏಳಕ್ಕೆ."

ಏಳಕ್ಕೆ ಬರಲಿಲ್ಲ. ಗುಬ್ಬಿ ರಸ್ತೆಯಲ್ಲಿ, ವಾಪಸು ಬರುವಾಗ, ಹಿಂದಿನಿಂದ ಲಾರಿ. ಶನಿವಾರ ಬೆಳಗ್ಗೆ ಮನೆಗೆ ತಂದರು. ಮಧ್ಯಾಹ್ನದ ನಮಾಜಾದ ಮೇಲೆ ಎತ್ತಿಕೊಂಡು ಹೋದರು. ಅದು ಎರಡು ಸಾವಿರದ ನಾಲ್ಕನೇ ಇಸವಿ, ಮಾರ್ಚ್ ತಿಂಗಳು. ಅವನಿಗೆ ಮೂವತ್ತಾರು.

ದೊಡ್ಡ ಮನುಷ್ಯನೇನಲ್ಲ. ಅಪ್ಪ ಗುಬ್ಬಿಯಲ್ಲಿ ತಗಡು ಬಡಿದು ಟ್ರಂಕು ಮಾಡುತ್ತಿದ್ದ. ಮಗ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿಗೆ ಬಂದ. ಟಿವಿ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವುದು ಕಲಿತ. ತೊಂಬತ್ತೈದರಲ್ಲಿ ಕುಣಿಗಲ್ಲಿನ ಶಾಹೀನಳ ಜೊತೆ ನಿಕಾಹ್ ಆಯಿತು. ತೊಂಬತ್ತೆಂಟರಲ್ಲಿ ಸ್ವಂತ ಅಂಗಡಿ ಹಾಕಿದ. ನಾಲ್ಕು ಟಿವಿ, ನಾಲ್ಕು ಡಬ್ಬಿ, ಪ್ಲಾಸ್ಟಿಕ್ ಸ್ಟೂಲು. ಗಂಟೆಗಿಷ್ಟು ಅಂತ ಆಟ. ಯೂನಿಫಾರಂ ಹಾಕಿದವರನ್ನು ಶಾಲೆಯ ಹೊತ್ತಿನಲ್ಲಿ ಒಳಗೆ ಬಿಡುತ್ತಿರಲಿಲ್ಲ. ಸೋತವನನ್ನು ನೋಡಿ ನಗುತ್ತಿರಲಿಲ್ಲ. ಗಂಟೆ ಮುಗಿದರೆ ಭುಜ ಎರಡು ಸಲ ತಟ್ಟುತ್ತಿದ್ದ, ಅಷ್ಟೇ. ಮಧ್ಯದಲ್ಲಿ ಕರೆಂಟು ಹೋದರೆ ಆಡಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲಿಂದ ಆಡಿಸುತ್ತಿದ್ದ. ಅಕ್ಕಪಕ್ಕದವರು ಇವನಿಗೆ ವ್ಯಾಪಾರ ಗೊತ್ತಿಲ್ಲ ಅನ್ನುತ್ತಿದ್ದರು. ನಿಜವೇ.

ಮಕ್ಕಳಾಗಲಿಲ್ಲ. ಕುಲ್ಸುಂ ಬೀ ಮೊದಲ ಮೂರು ವರ್ಷ ಕಾದಳು. ಆಮೇಲೆ ಸೊಸೆಯ ಕಡೆ ನೋಡಿ ಮಾತಾಡುವುದನ್ನೇ ಕಡಿಮೆ ಮಾಡಿದಳು. ತುಮಕೂರಿಗೆ ಬಂದು ಇರಿ ಅಂದರೆ, ಆ ಶೈತಾನನ ಡಬ್ಬಿಗಳ ಮೇಲೆ ನಾನು ಮಲಗುವುದಿಲ್ಲ ಅನ್ನುತ್ತಿದ್ದಳು.

ಆ ಜಪಾನಿನ ಆಟ ಬಂದದ್ದು ಬೆಂಗಳೂರಿನಿಂದ, ಒಂದು ಕಟ್ಟು ನಕಲು ಸೀಡಿಗಳ ಮಧ್ಯೆ. ಮೂರು ಸೀಡಿಯ ಆಟ. ಕವರಿನ ಮೇಲೆ ಹೆಸರೂ ಇರಲಿಲ್ಲ. ಅಂಗಡಿಗೆ ಬರುವವರಿಗೆ ಬೇಕಾದದ್ದು ಕಾರು, ಗುದ್ದಾಟ, ಫುಟ್‌ಬಾಲ್. ಇದನ್ನು ಹಾಕಿದವರು ಹತ್ತು ನಿಮಿಷಕ್ಕೆ ಎದ್ದರು. ಕೆಳಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಸಂಗಮೇಶ್, ವಸಂತನರಸಾಪುರದಲ್ಲಿ ಫ್ಯಾಕ್ಟರಿ ಶೆಡ್ಡು ಕಟ್ಟಿಸುವ ಕೆಲಸದ ಮೇಸ್ತ್ರಿ, ದಿನಾ ಸಂಜೆ ಬಂದು ಆಡುವವನು, ಇದು ಆಟವೋ ಪರೀಕ್ಷೆಯೋ ಅಂತ ಕೇಳಿ ಸೀಡಿ ವಾಪಸು ಕೊಟ್ಟ. ಯಾರಿಗೂ ಬೇಡವಾದದ್ದನ್ನು ಜುಲ್ಫಿಕರ್ ಮನೆಗೆ ತಂದ.

ಕತೆ ಇಷ್ಟು. ಒಂದು ಊರಿನ ಗಂಟೆ ಕಳುವಾಗುತ್ತದೆ. ಗಂಟೆಯ ನಾಲಿಗೆ ಮಾತ್ರ ಕೆಳಗೆ ಬಿದ್ದಿರುತ್ತದೆ. ಗಂಟೆ ಬಾರಿಸುವವನ ಮಗ ರೆಂಜಿ ಆ ನಾಲಿಗೆಯನ್ನು ಹೆಗಲ ಮೇಲೆ ಹೊತ್ತು ಗಂಟೆ ಹುಡುಕಲು ಹೊರಡುತ್ತಾನೆ. ದಾರಿಯಲ್ಲಿ ಜೊತೆಯಾಗುವವರು ಇಬ್ಬರು. ನಾರುಬೇರಿನ ಮದ್ದು ಕೊಡುವ ಒಬ್ಬ ಮುದುಕಿ, ನರಿ ಮುಖವಾಡದ ಒಬ್ಬ ಕಳ್ಳಿ. ಅವರಿಬ್ಬರ ಹೆಸರನ್ನು ಆಡುವವನೇ ಇಡಬಹುದು. ಕಳ್ಳಿಗೆ ಶಾಹೀನ್ ಅಂತ ಇಟ್ಟ. ಮುದುಕಿಗೆ ತಾಯಿಯ ಹೆಸರು ಇಟ್ಟ. ಅಮ್ಮನಿಗೆ ಹೇಳಬೇಡ ಅಂತ ಹೆಂಡತಿಗೆ ಎಚ್ಚರಿಕೆ ಕೊಟ್ಟ.

ಮನೆಯಲ್ಲಿ ಅವರ ಮಾತು ಉರ್ದು. ಈ ಕತೆಯನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದ. ಉರ್ದುವಿನಲ್ಲಿ ಹೇಳಲು ಹೋದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಅವನು ಕತೆ ಓದಿದ್ದೇ ಕನ್ನಡ ಶಾಲೆಯಲ್ಲಿ. ಶಾಹೀನ್ ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡವೇ. ಹೀಗೆ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ, ಶುಕ್ರವಾರ ಎರಡು ಗಂಟೆ. ವರ್ಷದ ಮೇಲಾಗಿತ್ತು.

ಆಟದ ಮೇಲೆ ಅವನಿಗೆ ಪ್ರೀತಿ ಎಷ್ಟಿತ್ತೋ ದೂರೂ ಅಷ್ಟೇ ಇತ್ತು. ಮೂರು ಹೆಜ್ಜೆಗೊಂದು ಜಗಳ ಬರುತ್ತದೆ, ಅದೇ ಕಪ್ಪೆ, ಅದೇ ಬಾವಲಿ, ಮನುಷ್ಯ ಒಂದು ಕಾಡು ದಾಟಲಿಕ್ಕೆ ಅರ್ಧ ದಿನ. ಬಿದ್ದವರನ್ನು ಎಬ್ಬಿಸಬೇಕಾದರೆ ಆಕಾಶದಿಂದ ಬಿಳಿ ಹಕ್ಕಿ ಇಳಿದು ಬಂದು ಮೂರು ಸುತ್ತು ಹಾಕಬೇಕು, ಒಂದು ನಿಮಿಷ, ನೂರನೇ ಸಲವೂ ಒಂದೇ ನಿಮಿಷ, ಬೇಗ ಮಾಡು ಅಂದರೆ ಕೇಳುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತ ಸರಿಯಾಗಿ ಹೇಳುವುದಿಲ್ಲ. ಆ ರೆಂಜಿಯಂತೂ ಬಾಯಿ ತೆರೆದರೆ ಉಪದೇಶ. ಆದರೆ ಊರಿನ ಬಾವಿಯ ಹತ್ತಿರ ಒಬ್ಬ ಹೆಂಗಸು ನಿಂತಿರುತ್ತಾಳೆ. ಕತೆಗೂ ಅವಳಿಗೂ ಸಂಬಂಧವಿಲ್ಲ. ಗಂಡ ಉಪ್ಪು ತರಲು ಹೋಗಿದ್ದಾನೆ. ಅವಳನ್ನು ಹೋಗಿ ಮಾತಾಡಿಸಿದಾಗಲೆಲ್ಲ ಬೇರೆ ಮಾತು ಹೇಳುತ್ತಾಳೆ. ಒಂದು ಸಲ ಮಳೆ ಬರಬಹುದು ಅನ್ನುತ್ತಾಳೆ, ಒಂದು ಸಲ ಸೊಪ್ಪು ಬಾಡಿತು ಅನ್ನುತ್ತಾಳೆ. ಗಂಡನ ಮಾತೇ ಎತ್ತುವುದಿಲ್ಲ. ಜುಲ್ಫಿಕರ್ ಅವಳನ್ನು ಮಾತಾಡಿಸಲಿಕ್ಕೆಂದೇ ಹಿಂದಿನ ಊರಿಗೆ ನಡೆದು ಹೋಗುತ್ತಿದ್ದ. ಅಷ್ಟು ಸಣ್ಣವಳಿಗೂ ಕೂತು ಯಾರೋ ಮಾತು ಬರೆದಿದ್ದಾರಲ್ಲ ಅನ್ನುತ್ತಿದ್ದ. ಜಪಾನಿನವರಿಗೆ ಕತೆ ಹೇಳಲು ಬರುತ್ತದೆ, ಆಡುವವನಿಗೂ ಮನೆ ಮಠ ಇದೆ ಅನ್ನುವುದು ಗೊತ್ತಿಲ್ಲ, ಇದು ಅವನ ತೀರ್ಮಾನ.

ಶನಿವಾರ ಮನೆ ತುಂಬ ಜನ. ಹೆಣ ಇಳಿಸಲು ಜಾಗ ಮಾಡುವಾಗ ಯಾರೋ ಟಿವಿಯನ್ನು ಮೂಲೆಗೆ ತಳ್ಳಿದರು. ಡಬ್ಬಿಯ ಸಣ್ಣ ದೀಪ ಉರಿಯುತ್ತಲೇ ಇತ್ತು. ಶಾಹೀನಳ ಅಣ್ಣ ಮುಜಮ್ಮಿಲ್ ಕುಣಿಗಲ್ಲಿನಿಂದ ಬಂದಿದ್ದ. ಸಾವಿನ ಮನೆಯಲ್ಲಿ ಇದೇನು ಅಂತ ಸ್ವಿಚ್ಚಿಗೆ ಕೈ ಹಾಕಿದ. ಅಳದೆ ಕೂತಿದ್ದವಳು ಆಗ ಎದ್ದಳು. ಅವನ ಕೈ ಹಿಡಿದಳು. ಅದು ಅವರು ಬಂದು ಆಫ್ ಮಾಡಬೇಕು ಅಂದಳು. ಮುಜಮ್ಮಿಲ್ ತಂಗಿಯ ಮುಖ ನೋಡಿ ಕೈ ತೆಗೆದ. ತಲೆ ಕೆಟ್ಟಿದೆ ಅಂದುಕೊಂಡ. ಕುಲ್ಸುಂ ಬೀ ಇದನ್ನು ನೋಡುತ್ತಾ ಕೂತಿದ್ದಳು.

ತಲೆ ಕೆಟ್ಟಿರಲಿಲ್ಲ. ಅವನು ಹೋದ ಅಂತ ಅವಳಿಗೆ ಗೊತ್ತಿತ್ತು. ಆದರೆ ಶುಕ್ರವಾರ ಮಧ್ಯಾಹ್ನ ಅವನು ಎಲ್ಲಿಯವರೆಗೆ ನಡೆದಿದ್ದನೋ ಅದು ಆ ಡಬ್ಬಿಯಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ. ಆರಿಸಿದರೆ ಆಟ ಬುಧವಾರಕ್ಕೆ ಹೋಗಿ ನಿಲ್ಲುತ್ತದೆ. ಶುಕ್ರವಾರವೇ ಇಲ್ಲವಾಗುತ್ತದೆ. ಅವಳಿಗೆ ಬೇಕಾದದ್ದು ಅದೊಂದೇ.

ಡಬ್ಬಿಯನ್ನು ಅವನು ಅಂಗಡಿಯ ಹಳೆಯ ಯುಪಿಎಸ್ ಬ್ಯಾಟರಿಗೆ ಸಿಕ್ಕಿಸಿದ್ದ. ಅದಕ್ಕೇ ಬದುಕಿಕೊಂಡಿತ್ತು. ಆಗ ದಿನಾ ಸಂಜೆ ಆರರಿಂದ ಏಳರವರೆಗೆ ಕರೆಂಟು ತೆಗೆಯುತ್ತಿದ್ದರು. ಟಿವಿ ಇಲ್ಲದೆ ಬರೀ ಡಬ್ಬಿಯಾದರೆ ಆ ಒಂದು ಗಂಟೆ ಹೇಗೋ ತಡೆಯುತ್ತಿತ್ತು. ಭಾನುವಾರ ಕೊನೆಯ ಹತ್ತು ನಿಮಿಷ ಕೂಗಿಕೊಂಡಿತು. ಸೋಮವಾರ ಮೂರನೇ ದಿನದ ಜಿಯಾರತ್ತಿನ ಊಟವಾಗುವಾಗ ಇಪ್ಪತ್ತು ನಿಮಿಷ ಕೂಗಿತು. ಡಬ್ಬಿ ಒಲೆಯ ಹಾಗೆ ಕಾದಿತ್ತು. ಶಾಹೀನ್ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ಇಟ್ಟಳು. ಬಂದ ಹೆಂಗಸರು ಬೆವರು ಒರೆಸಿಕೊಂಡು ನೋಡಿದರು.

ಜಿಯಾರತ್ ಮುಗಿಸಿ ಜನ ಹೋದ ಮೇಲೆ ಮುಜಮ್ಮಿಲ್ ಮತ್ತು ಕುಲ್ಸುಂ ಬೀ ಮಾತಾಡಿಕೊಂಡರು. ಗಂಡ ಸತ್ತವಳು ಆಚರಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಶಾಹೀನ್ ಹೊರಗೆ ಕಾಲಿಡುವಂತಿಲ್ಲ, ಪರಗಂಡಸರ ಎದುರಿಗೆ ಬರುವಂತಿಲ್ಲ. ಅದು ಮುಗಿದ ಮೇಲೆ ಅಂಗಡಿ ಸಾಮಾನು ಮಾರಿ ಅವಳು ಕುಣಿಗಲ್ಲಿಗೆ, ಅತ್ತೆ ಗುಬ್ಬಿಗೆ. ಶಾಹೀನಳನ್ನು ಯಾರೂ ಕೇಳಲಿಲ್ಲ. ಗುರುವಾರ ಬರುತ್ತೇನೆ ಅಂತ ಹೇಳಿ ಮುಜಮ್ಮಿಲ್ ಬಸ್ಸು ಹತ್ತಿದ.

ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಮನೆಯ ಒಡತಿ ಸರ್ವಮಂಗಳಮ್ಮ ಪೇಪರು ಹಿಡಿದುಕೊಂಡು ಮೇಲೆ ಬಂದಳು. ಶಾಹೀನಳ ಮುಖ ನೋಡಲಾಗದೆ ಫ್ಯಾನಿನ ಕಡೆ ನೋಡುತ್ತಾ ಹೇಳಿದಳು.

"ಲೈನ್ ಕೆಲ್ಸ ಅಂತಮ್ಮ. ಇವತ್ತು ಒಂಬತ್ತರಿಂದ ಸಂಜೆ ಐದರ ತನಕ ಕರೆಂಟಿಲ್ವಂತೆ."

ಎಂಟು ಗಂಟೆ ಕಾಲ. ಯುಪಿಎಸ್ಸಿಗೆ ಒಂದು ಗಂಟೆಯೇ ಹೆಚ್ಚು. ಮಿಕ್ಕದ್ದು ಲೆಕ್ಕ ಹಾಕಬೇಕಾಗಿರಲಿಲ್ಲ. ಒಂಬತ್ತರೊಳಗೆ ಆ ಕಲ್ಲುದೀಪ ಹಚ್ಚಬೇಕು. ಆಟ ಆಡಲು ಗೊತ್ತಿದ್ದವರೆಲ್ಲ ಗಂಡಸರು. ಅವರು ಒಳಗೆ ಬರುವಂತಿಲ್ಲ. ಶಾಹೀನ್ ಒಂಬತ್ತು ವರ್ಷದಲ್ಲಿ ಒಂದು ದಿನವೂ ಆಟದ ರಿಮೋಟು ಕೈಯಲ್ಲಿ ಹಿಡಿದವಳಲ್ಲ.

ಸಂಗಮೇಶನನ್ನು ಕರೆಸಿ ಅಂದಳು. ಮೆಟ್ಟಿಲ ಮೇಲೆ ನಿಲ್ಲಲಿ, ನಾನು ಬಾಗಿಲಿಗೆ ಪರದೆ ಕಟ್ಟಿಕೊಳ್ಳುತ್ತೇನೆ, ಅವನು ಹೇಳಲಿ ನಾನು ಒತ್ತುತ್ತೇನೆ. ಹಾಗೆಂದು ಅತ್ತೆಯ ಕಡೆ ನೋಡಿದಳು. ಕುಲ್ಸುಂ ಬೀ ಮಂಚದ ಮೇಲೆ ತಸ್ಬೀಹ್ ಮಣಿ ಎಣಿಸುತ್ತಾ ಕೂತಿದ್ದಳು. ಡಬ್ಬಿಯಲ್ಲಿ ಏನಿದೆ ಅಂತ ಮೊದಲ ಸಲ ಕೇಳಿದಳು. ಶಾಹೀನ್ ಎರಡೇ ಮಾತಿನಲ್ಲಿ ಹೇಳಿದಳು. ಮುದುಕಿ ಒಂದು ಸುತ್ತು ಮಣಿ ಮುಗಿಸಿದಳು. ಆಮೇಲೆ ತಾನೇ ಎದ್ದು ಮಂಚದ ಮೇಲಿನ ಹಸಿರು ಬೆಡ್‌ಶೀಟ್ ತೆಗೆದು ಕೊಟ್ಟಳು.

ಬಾಗಿಲಿಗೆ ಬೆಡ್‌ಶೀಟು ಕಟ್ಟಿದರು. ಏಳೂವರೆಗೆ ಅದರ ಕೆಳಗೆ ಸಂಗಮೇಶನ ಸಿಮೆಂಟು ಮೆತ್ತಿದ ಬೂಟು ಕಂಡವು.

"ಅಕ್ಕಾ, ಟಿವಿ ಹಾಕಿ. ಏನ್ ಕಾಣ್ತೈತೆ?"

"ಕಾಡು. ಮೂವರೂ ನಿಂತವ್ರೆ."

"ಎಲ್ಲಿಗೆ ಹೋಗ್ಬೇಕು ಗೊತ್ತಾ? ನಾನು ಆ ಆಟ ಆಡೇ ಇಲ್ಲ. ಬಟನ್ ಮಾತ್ರ ಗೊತ್ತು."

"ನಂಗೆ ಗೊತ್ತು. ತೊರೆ ದಾಟಿ ಬಿದಿರುಮೆಳೆ ಹಿಂದೆ. ನೀನು ಬಟನ್ ಹೇಳು."

ರಿಮೋಟನ್ನು ತಲೆಕೆಳಗಾಗಿ ಹಿಡಿದಿದ್ದಳು. ಅದು ಗೊತ್ತಾಗಲು ಐದು ನಿಮಿಷ ಬೇಕಾಯಿತು. ತಿರುಗಿಸಿ ಹಿಡಿದಳು. ರೆಂಜಿ ಮರಕ್ಕೆ ಮುಖ ಕೊಟ್ಟು ನಿಂತಲ್ಲೇ ನಡೆಯುತ್ತಿದ್ದ. ಹೇಗೋ ದಾರಿಗೆ ತಂದಳು. ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ ಪರದೆ ಗಿರಗಿರ ತಿರುಗಿತು.

"ಏನೋ ಬಂತು. ಕಪ್ಪೆ. ಮೂರು. ಕೊಡೆ ಹಿಡ್ಕಂಡವೆ."

"ಕೊಡೆನಾ?"

"ಹೂಂ, ಕೊಡೆ."

ಕಪ್ಪೆಗ್ಯಾಕೆ ಕೊಡೆ ಅಂತ ಮಂಚದಿಂದ ಕುಲ್ಸುಂ ಬೀ ಕೇಳಿದಳು. ಸಂಗಮೇಶನಿಗೂ ತಿಳಿಯಲಿ ಅಂತ ಗುಬ್ಬಿಯ ಕನ್ನಡದಲ್ಲೇ ಕೇಳಿದಳು.

"ಇಂಟು ಮಾರ್ಕ್ ಐತಲ್ಲ, ಅದನ್ನ ಒತ್ತಿ. ಒತ್ತಾನೇ ಇರಿ ಅಕ್ಕ."

ಒತ್ತಿದಳು. ರೆಂಜಿ ಗಂಟೆಯ ನಾಲಿಗೆಯನ್ನು ಬೀಸಿದ. ಕಳ್ಳಿ ಹಾರಿ ಹೊಡೆದಳು. ಮುದುಕಿ ಕೋಲಿನಿಂದ ತಿವಿದಳು. ಕಪ್ಪೆಗಳು ಮಗುಚಿದವು. ಹೀಗೆ ಒಂದಾದ ಮೇಲೊಂದು. ಬಾವಲಿ, ಕಪ್ಪೆ, ಮತ್ತೆ ಕಪ್ಪೆ. ಹೆಜ್ಜೆಗೆ ಹೆಜ್ಜೆಗೆ ಜಗಳ. ಅವನು ಅಷ್ಟು ದೂರಿದ್ದು ಸುಮ್ಮನೆ ಅಲ್ಲ ಅಂತ ಅವಳಿಗೆ ಆಗ ಗೊತ್ತಾಯಿತು. ಕೂತು ಕೇಳುವವಳಿಗೆ ಅವನು ಕತೆಯನ್ನು ಮಾತ್ರ ಕೊಟ್ಟಿದ್ದ. ಈ ಹೊಡೆದಾಟವನ್ನೆಲ್ಲ ತಾನೇ ಇಟ್ಟುಕೊಂಡಿದ್ದ.

ತೊರೆ ದಾಟುವಾಗ ಎಂಟೂಕಾಲು. ಅಲ್ಲಿ ಕಲ್ಲಿನ ಏಡಿಯೊಂದು ಬಂತು. ಮನೆಯಷ್ಟು ದೊಡ್ಡದು. ಒಂದೇ ಏಟಿಗೆ ಒಬ್ಬರನ್ನು ಕೆಡವಿತು.

"ಯಾರು ಬಿದ್ದಿದ್ದು ಅಕ್ಕ? ಹೆಸರಿನ ಮೊದಲನೇ ಅಕ್ಷರ ಹೆಂಗೈತೆ ಹೇಳಿ."

ಅಕ್ಷರ ನೋಡಬೇಕಾಗಿರಲಿಲ್ಲ. ಶಾಹೀನ್ ಅತ್ತೆಯ ಕಡೆ ತಿರುಗದೆ ಹೇಳಿದಳು.

"ಮುದುಕಿ. ಕುಲ್ಸುಂ ಅಂತ ಹೆಸರಿಟ್ಟವ್ರೆ."

ಮಂಚದ ಮೇಲೆ ಮಣಿಯ ಸದ್ದು ನಿಂತಿತು.

"ನಂದಾ?" ಅಂದಳು ಕುಲ್ಸುಂ ಬೀ.

"ನಿಮ್ದೇ ಅಮ್ಮಿ."

ಸಂಗಮೇಶನಿಗೆ ಕೈಗಡಿಯಾರ ಕಾಣುತ್ತಿತ್ತು, ಒಳಗಿನವರ ಮುಖ ಕಾಣುತ್ತಿರಲಿಲ್ಲ. ಬಿದ್ದಿರಲಿ ಬಿಡಿ ಅಕ್ಕ ಅಂದ. ಎಬ್ಬಿಸಲು ಹೋದರೆ ಹೊತ್ತಾಗುತ್ತದೆ. ಎಬ್ಬಿಸುವ ಮದ್ದು ಎಲ್ಲಿದೆ ಅಂತ ಹುಡುಕಬೇಕು, ನನಗೆ ಟಿವಿ ಕಾಣುವುದಿಲ್ಲ, ನಿಮಗೆ ಇಂಗ್ಲಿಷ್ ಓದಲು ಬರುವುದಿಲ್ಲ. ತ್ರಿಕೋನ ಒತ್ತಿ, ಓಡಿ ಹೋಗೋಣ. ಬಿದ್ದವರನ್ನು ಎಳೆದುಕೊಂಡು ಹೋದರೂ ಸೇವ್ ಆಗುತ್ತದೆ, ಅಲ್ಲಿ ಎಬ್ಬಿಸಿಕೊಳ್ಳಬಹುದು. ಹೇಳಿದ್ದು ಸರಿಯಾಗಿಯೇ ಇತ್ತು.

ಪರದೆಯ ಮೇಲೆ ಮುದುಕಿ ಮುಖ ಅಡಿಯಾಗಿ ನೀರಿನ ಅಂಚಿನಲ್ಲಿ ಬಿದ್ದಿದ್ದಳು. ಹಿಂದೆ ಮಂಚದ ಮೇಲೆ ಇನ್ನೊಬ್ಬಳು ಕೂತಿದ್ದಳು. ಮೂರು ದಿನದ ಹಿಂದೆ ಮಗನನ್ನು ಮಣ್ಣಿಗೆ ಕಳಿಸಿದವಳು. ಅವಳಿಗೆ ಮಾತ್ರೆ ಕೊಡಲೆಂದೇ ಅವನು ಆ ರಸ್ತೆಗೆ ಹೋಗಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ.

"ಎಬ್ಬಿಸೋದು ಹೆಂಗೆ ಹೇಳು," ಅಂದಳು ಶಾಹೀನ್.

"ಅಕ್ಕಾ, ಎಂಟೂ ಇಪ್ಪತ್ತು."

"ಹೇಳಪ್ಪ."

ಹೇಳಿದ. ಕೆಳಗೆ ಒತ್ತಿ, ಎರಡನೇ ಸಾಲು, ಗುಂಡು ಮಾರ್ಕ್ ಒತ್ತಿ, ಏನು ಬಂತು, ಸೀಸೆಯ ಚಿತ್ರವಿದೆಯಾ, ಇಲ್ಲ, ಎಲೆ ಇದೆ, ಹಾಗಾದರೆ ಹಿಂದೆ ಬನ್ನಿ. ಮಧ್ಯೆ ಏಡಿ ಎರಡು ಸಲ ಹೊಡೆಯಿತು. ಕಳ್ಳಿ ಒಂದು ಮೊಣಕಾಲೂರಿ ಕೂತಳು. ನಾಲ್ಕನೇ ಸಲಕ್ಕೆ ರೆಕ್ಕೆಯ ಚಿತ್ರ ಸಿಕ್ಕಿತು. ಆಕಾಶ ಬೆಳ್ಳಗಾಯಿತು. ಹಕ್ಕಿ ಇಳಿಯಿತು. ನಿಧಾನವಾಗಿ ಮೂರು ಸುತ್ತು ಹಾಕಿತು. ಒಳಗಿನವರಿಬ್ಬರೂ ಹೊರಗಿನವನೂ ಕಾದರು. ಕುಲ್ಸುಂ ಬೀ ಯಾವಾಗ ಮಂಚದಿಂದ ಇಳಿದು ಸೊಸೆಯ ಪಕ್ಕ ಚಾಪೆಯ ಮೇಲೆ ಕೂತಳೋ ಶಾಹೀನ್ ನೋಡಲಿಲ್ಲ. ಮುದುಕಿ ಕೋಲೂರಿ ಎದ್ದು ನಿಂತಳು.

ಆಮೇಲೆ ಓಡಿದರು. ತ್ರಿಕೋನ ಒತ್ತುತ್ತಾ, ಬಂದ ಜಗಳವನ್ನೆಲ್ಲ ಬಿಟ್ಟು ಓಡಿದರು. ಬಿದಿರುಮೆಳೆ ಬಂತು. ಅದರ ಹಿಂದೆ ತಿರುವು. ತಿರುವಿನ ಕೊನೆಯಲ್ಲಿ ಕಲ್ಲುದೀಪ. ಗಿಡ್ಡಕ್ಕಿತ್ತು, ಪಾಚಿ ಕಟ್ಟಿತ್ತು, ತಲೆಯ ಮೇಲೆ ಕಲ್ಲಿನ ಟೋಪಿ. ಅವನು ಹೇಳಿದ್ದ ಹಾಗೇ ಇತ್ತು.

"ಕಾಣ್ತೈತೆ," ಅಂದಳು. "ಹತ್ತು ಹೆಜ್ಜೆ."

ಟಿವಿ ಕಪ್ಪಾಯಿತು. ಫ್ಯಾನು ನಿಧಾನವಾಗಿ ನಿಂತಿತು.

ಎಂಟೂ ನಲವತ್ತು. ಒಂಬತ್ತಕ್ಕೆ ಅಂದವರು ಇಪ್ಪತ್ತು ನಿಮಿಷ ಮೊದಲೇ ತೆಗೆದಿದ್ದರು. ಯುಪಿಎಸ್ಸು ಒಂದೊಂದೇ ಸಲ ಕೂಗಲು ಶುರುಮಾಡಿತು. ಡಬ್ಬಿಯ ದೀಪ ಇನ್ನೂ ಉರಿಯುತ್ತಿತ್ತು. ಆಟದ ಮೂವರೂ ಅಲ್ಲೇ ಇದ್ದರು, ಕಲ್ಲುದೀಪದ ಹತ್ತಿರ, ಕತ್ತಲಲ್ಲಿ. ಸಂಗಮೇಶನಿಗೆ ದನಿ ಏರಿತು. ಟಿವಿ ವೈರನ್ನೂ ಯುಪಿಎಸ್ಸಿಗೆ ಸಿಕ್ಕಿಸಿ, ಐದು ನಿಮಿಷ ತಡೆದರೂ ಸಾಕು ಅಂದ. ಶಾ‌ಹೀನ್ ಗೋಡೆಯಿಂದ ಟಿವಿಯ ಪ್ಲಗ್ಗು ಕಿತ್ತಳು. ಯುಪಿಎಸ್ಸಿನ ಹಿಂದೆ ತಡಕಾಡಿದಳು. ಕುಲ್ಸುಂ ಬೀ ಅದನ್ನು ಮುಂದಕ್ಕೆ ತಿರುಗಿಸಿ ಹಿಡಿದುಕೊಂಡಳು. ಸಿಕ್ಕಿಸಿದಳು.

ಆ ಹಳೆಯ ಬ್ಯಾಟರಿಗೆ ದೊಡ್ಡ ಟಿವಿಯ ಭಾರ ಹೊರಲು ಆಗುವುದಿಲ್ಲ ಅನ್ನುವುದು ಜುಲ್ಫಿಕರನಿಗೆ ಗೊತ್ತಿತ್ತು. ಅದಕ್ಕೇ ಅವನು ಟಿವಿಯನ್ನು ಗೋಡೆಗೆ ಸಿಕ್ಕಿಸಿದ್ದು. ಇವರಿಗೆ ಗೊತ್ತಿರಲಿಲ್ಲ. ಯುಪಿಎಸ್ಸು ಒಂದು ಸಲ ಉದ್ದಕ್ಕೆ ಕೂಗಿ ಟಪ್ ಅಂತು. ಡಬ್ಬಿಯ ದೀಪ ಹೋಯಿತು. ಒಳಗೆ ತಿರುಗುತ್ತಿದ್ದ ಸೀಡಿಯ ಸದ್ದು ನಾಲ್ಕು ದಿನದ ಮೇಲೆ ನಿಂತಿತು. ಆಗ ಮನೆ ಎಷ್ಟು ನಿಶ್ಶಬ್ದ ಅಂತ ಗೊತ್ತಾಯಿತು.

"ಅಕ್ಕಾ?" ಅಂದ ಸಂಗಮೇಶ್. "ಬಂತಾ?"

ಯುಪಿಎಸ್ಸಿನ ಕೂಗೂ ನಿಂತಿತ್ತು. ಅವನಿಗೆ ತಿಳಿಯಿತು. ಬೂಟು ಅಲ್ಲೇ ನಿಂತಿದ್ದವು.

ಕುಲ್ಸುಂ ಬೀ ಸೊಸೆಯ ಕಡೆ ತಿರುಗಿ ಅಂದಳು. ಅದನ್ನೂ ಕನ್ನಡದಲ್ಲೇ ಅಂದಳು.

"ನನ್ನ ಎಬ್ಸಕ್ಕೋಗಿ ನನ್ ಮಗನ್ನ ಬಿಟ್ಟಲ್ಲೇ."

ಶಾಹೀನ್ ಅಳತೊಡಗಿದ್ದು ಆಗ. ಹೆಣ ಬಂದಾಗ ಅತ್ತಿರಲಿಲ್ಲ, ಎತ್ತಿಕೊಂಡು ಹೋದಾಗ ಅತ್ತಿರಲಿಲ್ಲ. ರಿಮೋಟು ಕೈಯಲ್ಲೇ ಇತ್ತು. ಬೆರಳು ಬಿಗಿದು ಹೋಗಿದ್ದವು. ಕುಲ್ಸುಂ ಬೀ ಅವನ್ನು ಒಂದೊಂದಾಗಿ ಬಿಡಿಸಿ ರಿಮೋಟು ತೆಗೆದು ಪಕ್ಕಕ್ಕಿಟ್ಟಳು. ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಒಂಬತ್ತು ವರ್ಷದಲ್ಲಿ ಅತ್ತೆ ಸೊಸೆಯನ್ನು ಮುಟ್ಟಿದ್ದು ಅದೇ ಮೊದಲು. ಆ ಮಾತು ಬೈಗುಳವೋ ಬೇರೇನೋ ಅಂತ ಶಾಹೀನ್ ಆಮೇಲೂ ಕೇಳಲಿಲ್ಲ. ಮುದುಕಿಯೂ ಹೇಳಲಿಲ್ಲ.

ಗುರುವಾರ ಮುಜಮ್ಮಿಲ್ ಟೆಂಪೋದವನನ್ನು ಮಾತಾಡಿಕೊಂಡೇ ಬಂದಿದ್ದ. ಅಂಗಡಿ ಸಾಮಾನಿನ ಅಳತೆ ನೋಡಬೇಕು ಅಂದ. ಕುಲ್ಸುಂ ಬೀ ಅವನಿಗೆ ಚಹಾ ಕೊಟ್ಟಳು. ನಾನು ಇಲ್ಲೇ ಇರುತ್ತೇನೆ, ಅವಳೂ ಇಲ್ಲೇ ಇರುತ್ತಾಳೆ, ಸಾಮಾನು ಇದ್ದಲ್ಲೇ ಇರಲಿ ಅಂದಳು. ಅಂಗಡಿ ನಡೆಸುವವರು ಯಾರು ಅಂತ ಅವನು ಕೇಳಿದ. ನಿನ್ನ ತಂಗಿಗೆ ಬಟನ್ ಒತ್ತಲು ಬರುತ್ತದೆ ಅಂದಳು. ಮುಜಮ್ಮಿಲ್‌ಗೆ ಅರ್ಥವಾಗಲಿಲ್ಲ. ಟೆಂಪೋದವನನ್ನು ಕಳಿಸಿಬಿಟ್ಟ.

ಇದ್ದತ್ ಮುಗಿದದ್ದು ಜುಲೈ ಕೊನೆಗೆ. ಆಗಸ್ಟಿನಲ್ಲಿ ಶಾಹೀನ್ ಶಟರು ಎತ್ತಿದಳು. ಮೊದಲ ವಾರ ಯಾರೂ ಬರಲಿಲ್ಲ. ಹೆಂಗಸಿನ ಮುಂದೆ ಕೂಗಾಡಿಕೊಂಡು ಆಡಲು ಅವರಿಗೆ ನಾಚಿಕೆ. ಆಮೇಲೆ ಬಂದರು. ಕುಲ್ಸುಂ ಬೀ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಯೂನಿಫಾರಂ ಕಂಡರೆ ಶಾಲೆಯ ದಾರಿ ತೋರಿಸುತ್ತಿದ್ದಳು. ಮಗನಿಗಿಂತ ಅವಳ ಬಾಯಿ ಜೋರು.

ಸಂಗಮೇಶ್ ತಿಂಗಳು ಕಾಲ ಆ ಕಡೆ ಬರಲಿಲ್ಲ. ಒಂದು ದಿನ ಬಂದು, ಬುಧವಾರದವರೆಗಿನ ಆಟ ಡಬ್ಬಿಯ ಮೆಮೊರಿ ಕಾರ್ಡಿನಲ್ಲಿದೆಯಲ್ಲ ಅಕ್ಕ, ಅಲ್ಲಿಂದ ಆಡಿ ಆ ದೀಪ ಹಚ್ಚಿ ಕೊಡುತ್ತೇನೆ, ಕತೆಯನ್ನೂ ಮುಗಿಸಿ ಹೇಳುತ್ತೇನೆ ಅಂದ. ಬೇಡ ಅನ್ನಲಾಗದೆ ಹೂಂ ಅಂದಳು. ಅವನು ಹಾಕಿದ. ಬುಧವಾರದ ದೀಪದ ಮುಂದೆ ಮೂವರು ನಿಂತಿದ್ದರು. ಕಳ್ಳಿಯ ಮುಖದ ಮೇಲೆ ನರಿ ಮುಖವಾಡ ಇತ್ತು. ತೆಗೆದೇ ಇರಲಿಲ್ಲ. ಶಾಹೀನ್ ಅದನ್ನು ನೋಡಿದಳು. ಸಾಕಪ್ಪ ಅಂದಳು. ಅವನು ಆರಿಸಿದ. ಗಂಟೆ ಸಿಕ್ಕಿತೋ ಇಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮೂರನೇ ಸೀಡಿಗೆ ಒಂದು ಗೀರೂ ಬಿದ್ದಿಲ್ಲ.

ಎರಡು ಸಾವಿರದ ಏಳರ ರಂಜಾನಿನಲ್ಲಿ ಕುಲ್ಸುಂ ಬೀ ಹೋದಳು. ಮಲಗಿದವಳು ಏಳಲಿಲ್ಲ. ಈಗ ಎಲ್ಲರ ಮನೆಯಲ್ಲೂ ಕಂಪ್ಯೂಟರು ಬಂದಿದೆ. ಅಂಗಡಿಯಲ್ಲಿ ನಾಲ್ಕು ಟಿವಿಯ ಜಾಗದಲ್ಲಿ ಎರಡಿವೆ, ಉಳಿದ ಜಾಗದಲ್ಲಿ ಜೆರಾಕ್ಸ್ ಮೆಷಿನ್ನಿದೆ. ಆದರೂ ನಾಲ್ಕು ಜನ ಬರುತ್ತಾರೆ.

ದಿನಾ ಬೆಳಗ್ಗೆ ಶಟರು ಎತ್ತುವ ಮುಂಚೆ ಶಾಹೀನ್ ಸರ್ವಮಂಗಳಮ್ಮನ ಮನೆಯ ಪೇಪರು ಇಸಿದುಕೊಳ್ಳುತ್ತಾಳೆ. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಓದುವುದು ಒಂದೇ ಸುದ್ದಿ. ಅದಾದ ಮೇಲೂ ಎದುರಿನ ಚಹಾ ಅಂಗಡಿಗೆ ಬರುವ ಲೈನ್‌ಮನ್ನನ್ನು ಇನ್ನೊಂದು ಸಲ ಕೇಳುತ್ತಾಳೆ. ಆಮೇಲೆ ಬಾಗಿಲ ಪಕ್ಕದ ಸ್ಲೇಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಬಳಪದಲ್ಲಿ ದೊಡ್ಡ ದೊಡ್ಡ ಅಕ್ಷರ ಮಾಡಿ ಬರೆಯುತ್ತಾಳೆ, ಕರೆಂಟು ಎಷ್ಟು ಗಂಟೆಗೆ ಹೋಗುತ್ತದೆ ಅಂತ. ಪೇಪರಿನವರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮುಂಚಿನ ಹೊತ್ತನ್ನೇ ಬರೆಯುತ್ತಾಳೆ.